ಆಕ್ಷನ್ ಫಿಗರ್ ಇಟ್ಟುಕೊಂಡು ಸ್ಟಾಪ್ ಮೋಷನ್ ಮಾಡಬೇಕು, ಆದ್ರೆ ಬೊಂಬೆ ನಿಲ್ಲೋದೇ ಇಲ್ಲ. ಏನು ಬದಲಾಯಿಸಲಿ?

ನಿಮ್ಮ ಹತ್ತಿರ ಆರು ಇಂಚಿನ ಹಳೇ ಫಿಗರ್ ಇದೆ, ಕೈಕಾಲೆಲ್ಲ ಸಡಿಲ, ಎರಡು ಹೆಜ್ಜೆ ಇಡಿಸುವಷ್ಟರಲ್ಲಿ ಬೀಳುತ್ತದೆ. ಹೊಸ ಬಣ್ಣ ಹಾಕಲಾ, ಮುಖ ಬದಲಾಯಿಸಲಾ, ಇಲ್ಲಾ ಇದನ್ನು ಬಿಟ್ಟು ತಂತಿಯ ಬೊಂಬೆ ಮಾಡಿಕೊಳ್ಳಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಮೂರೂ ಬೇಡ. ಮೊದಲು ಜಾಯಿಂಟು, ಆಮೇಲೆ ಪಾದ. ಅಂದ ಚಂದ ಕೊನೆಗೆ.

ಈ ಫಿಗರ್‌ಗಳನ್ನು ಮಾಡಿರೋದು ಶೋಕೇಸಿನಲ್ಲಿ ಒಂದೇ ಪೋಸಿನಲ್ಲಿ ನಿಲ್ಲೋದಕ್ಕೆ. ನಮ್ಮ ಕೆಲಸ ಬೇರೆ. ಸ್ಟಾಪ್ ಮೋಷನ್ ಅಂದರೆ ಬೊಂಬೆಯನ್ನು ಚೂರುಚೂರೇ ಕದಲಿಸಿ ಪ್ರತಿ ಸಲ ಒಂದು ಫೋಟೋ (ಫ್ರೇಮ್) ತೆಗೆದು, ಎಲ್ಲವನ್ನೂ ಜೋಡಿಸಿ ಓಡಿಸೋದು. ಸೆಕೆಂಡಿಗೆ 24 ಫ್ರೇಮ್ ಅಂದುಕೊಳ್ಳಿ. ಒಂದೊಂದು ಪೋಸನ್ನು ಎರಡೆರಡು ಫ್ರೇಮ್ ಹಿಡಿದರೂ ಹತ್ತು ಸೆಕೆಂಡಿಗೆ 120 ಸಲ ಬೊಂಬೆ ಮುಟ್ಟಬೇಕು. ಪ್ರತಿ ಸಲವೂ ನೀವು ಮುಟ್ಟಿದ ಭಾಗ ಮಾತ್ರ ಅಲುಗಬೇಕು, ಉಳಿದದ್ದು ಜಪ್ಪಯ್ಯ ಅಂದರೂ ಕದಲಬಾರದು.

ಹಾಗಂತ ಎಲ್ಲ ಜಾಯಿಂಟನ್ನೂ ಒಂದೇ ಸಮ ಬಿಗಿ ಮಾಡಬೇಡಿ. ಇಡೀ ಮೈಯ ಭಾರ ಹೊರೋದು ಕಾಲಿನ ಗೆಣ್ಣು, ಅದು ಎಲ್ಲಕ್ಕಿಂತ ಬಿಗಿ ಇರಬೇಕು. ಆಮೇಲೆ ಮಂಡಿ, ಸೊಂಟ. ಭುಜ ಅದಕ್ಕಿಂತ ಸ್ವಲ್ಪ ಹಗುರ, ಮಣಿಕಟ್ಟು ಮತ್ತು ಕತ್ತು ಇನ್ನೂ ಹಗುರ. ಪರೀಕ್ಷೆ ಸುಲಭ. ಪಾದವನ್ನು ಮೇಜಿಗೆ ಒತ್ತಿ ಹಿಡಿದು, ಎರಡು ಬೆರಳಲ್ಲಿ ಮುಂಗೈ ಮಾತ್ರ ತಿರುಗಿಸಿ. ಜೊತೆಗೆ ಭುಜವೂ ಬಂತಾ? ಹಾಗಾದ್ರೆ ಭುಜ ಸಡಿಲ, ಇಲ್ಲವೇ ಮಣಿಕಟ್ಟು ಜಾಸ್ತಿ ಬಿಗಿ.

ಬಾಲ್ ಜಾಯಿಂಟ್, ಅಂದರೆ ಗುಳಿಯೊಳಗೆ ಗುಂಡು ತಿರುಗುವ ಜಾಯಿಂಟ್ ಬಿಗಿ ಮಾಡೋದಕ್ಕೆ ಫೆವಿಕ್ವಿಕ್ ಸಾಕು. ಬಿಸಿನೀರಲ್ಲಿ ಒಂದೆರಡು ನಿಮಿಷ ಇಟ್ಟರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಆಗ ಕೈಯನ್ನು ಮೆಲ್ಲಗೆ ಎಳೆದು ಬಿಡಿಸಿ. ನೀರು ಪೂರ್ತಿ ಆರಲಿ. ಟೂತ್‌ಪಿಕ್‌ನ ತುದಿಯಲ್ಲಿ ಒಂದೇ ಹನಿ ತೆಗೆದು ಗುಂಡಿನ ಸುತ್ತ ತೆಳ್ಳಗೆ ಸವರಿ. ಹತ್ತಿ ಮಾತ್ರ ಬೇಡ. ಹತ್ತಿಗೆ ಈ ಅಂಟು ತಾಗಿದರೆ ಕಾದು ಹೊಗೆ ಬರುತ್ತದೆ, ಬೆರಳು ಸುಟ್ಟೀತು. ಅಂಟು ಕಲ್ಲಿನಂತೆ ಒಣಗಿದ ಮೇಲೆಯೇ ವಾಪಸ್ ಹಾಕಿ, ಆತುರಪಟ್ಟರೆ ಕೈ ಶಾಶ್ವತವಾಗಿ ಕೂತುಬಿಡುತ್ತದೆ. ಸಾಲದಿದ್ದರೆ ಇನ್ನೊಂದು ಪದರ, ಜಾಸ್ತಿಯಾದರೆ ಸಣ್ಣ ಉಪ್ಪುಕಾಗದದಲ್ಲಿ ಎರಡು ಸಲ ಉಜ್ಜಿ.

ಮಂಡಿಯಂಥ ಪಿನ್ ಜಾಯಿಂಟ್, ಅಂದರೆ ಅಡ್ಡಕ್ಕೆ ಕಡ್ಡಿ ತೂರಿಸಿದ್ದು, ಬಿಡಿಸೋಕೆ ಬರೋದಿಲ್ಲ. ಅದರ ಸಂದಿಗೆ ನೀರಲ್ಲಿ ಕರಗುವ ಅಕ್ರಿಲಿಕ್ ವಾರ್ನಿಷ್ ಒಂದು ಹನಿ ಬಿಟ್ಟು, ಒಣಗುವ ತನಕ ಆಗಾಗ ಮಡಿಸಿ ಬಿಡಿಸಿ ಮಾಡುತ್ತಿರಿ. ನೇಲ್ ಪಾಲಿಶ್ ಹಾಕಿ ಅನ್ನೋ ಸಲಹೆ ತುಂಬಾ ಓಡಾಡುತ್ತದೆ. ನಾನಂತೂ ಹಾಕೋದಿಲ್ಲ, ಅದರಲ್ಲಿರೋ ದ್ರಾವಕ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ತಿರುಗಿಸಿದರೆ ಟಕ್ ಟಕ್ ಅನ್ನುವ ಜಾಯಿಂಟ್ ಇದ್ದರೆ ಏನೂ ಮಾಡೋಕಾಗಲ್ಲ. ಜಪಾನಿನ ರಿವೋಲ್ಟೆಕ್ ಬ್ರ್ಯಾಂಡಿನ ಫಿಗರ್‌ಗಳು ಇದೇ ಜಾತಿ. ಪೋಸ್ ಗಟ್ಟಿಯಾಗಿ ನಿಲ್ಲುತ್ತದೆ ನಿಜ, ಆದರೆ ಒಂದು ಟಕ್‌ಗೂ ಇನ್ನೊಂದು ಟಕ್‌ಗೂ ಮಧ್ಯೆ ನಿಲ್ಲಿಸೋಕೆ ಬರಲ್ಲ. ಗುದ್ದಾಟಕ್ಕೆ ಓಕೆ, ನಿಧಾನವಾಗಿ ಕೈ ಎತ್ತೋದಕ್ಕೆ ಉಹೂಂ.

ಇನ್ನು ಪಾದ. ಬರೀ ನಿಂತು ಮಾತಾಡುವ ದೃಶ್ಯಕ್ಕೆ ಮ್ಯಾಗ್ನೆಟ್ ಸಾಕು. ಅಂಗಾಲಿನಲ್ಲಿ ಗುಳಿ ಕೊರೆದು ಪುಟ್ಟ ನಿಯೋಡಿಮಿಯಮ್ ಮ್ಯಾಗ್ನೆಟ್ ಕೂರಿಸಿ ಎಂ-ಸೀಲ್‌ನಲ್ಲಿ ಮುಚ್ಚಿ, ಸೆಟ್ಟಿನ ನೆಲದ ಕಾಗದದ ಕೆಳಗೆ ಕಬ್ಬಿಣದ ತಗಡು ಹಾಕಿ. ಬಿಸಿನೀರಿನ ಕೆಲಸವನ್ನೆಲ್ಲ ಇದಕ್ಕೆ ಮೊದಲೇ ಮುಗಿಸಿರಬೇಕು, ಸಾಮಾನ್ಯ ನಿಯೋಡಿಮಿಯಮ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಿಡಿ ಮ್ಯಾಗ್ನೆಟ್ಟನ್ನು ಮೇಜಿನ ಮೇಲೆ ಬಿಡಲೇಬೇಡಿ, ನುಂಗಿದರೆ ಜೀವಕ್ಕೇ ಅಪಾಯ.

ಆದರೆ ನಡಿಗೆಗೆ ಮ್ಯಾಗ್ನೆಟ್ ಕಿರಿಕಿರಿ. ಪಾದ ನೆಲದ ಹತ್ತಿರ ಬಂದ ಕೂಡಲೇ ತಾನೇ ಎಳೆದುಕೊಂಡು ಪಟ್ಟನೆ ಕೂರುತ್ತದೆ, ನಿಮಗೆ ಬೇಕಾದ ಜಾಗದಲ್ಲಲ್ಲ. ನಡೆಸಬೇಕು, ಒಂಟಿಕಾಲಲ್ಲಿ ನಿಲ್ಲಿಸಬೇಕು ಅಂದರೆ ಸ್ಕ್ರೂ ಹಾಕಿ: ಪಾದದೊಳಗೆ ನಟ್, ನೆಲದ ಕೆಳಗಿನಿಂದ ಸ್ಕ್ರೂ. ಎಂ3 (3 ಮಿಲಿಮೀಟರ್ ದಪ್ಪದ ಸ್ಕ್ರೂ ಹೋಗುವ) ನಟ್ಟಿನ ಅಗಲ 5.5 ಮಿಲಿಮೀಟರ್, ಆರು ಇಂಚಿನ ಬಹಳಷ್ಟು ಬೊಂಬೆಗಳ ಪಾದದಲ್ಲಿ ಹಿಡಿಯುತ್ತದೆ. ಪಾದ ತೀರಾ ಸಣ್ಣದಾದರೆ 4 ಮಿಲಿಮೀಟರ್ ಅಗಲದ ಎಂ2 ನಟ್. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಚಿಲ್ಲರೆಯಾಗಿ ಸಿಗುತ್ತವೆ. ಕೊರೆದ ಗುಳಿಯ ಮೇಲೆ ನಟ್ ಇಟ್ಟು, ಸೋಲ್ಡರಿಂಗ್ ಐರನ್ನಿನ ತುದಿಯಿಂದ ಅದನ್ನು ಕಾಯಿಸಿ ಒತ್ತಿದರೆ ಪ್ಲಾಸ್ಟಿಕ್ ಕರಗಿ ನಟ್ ಒಳಗೆ ಇಳಿಯುತ್ತದೆ. ಕಿಟಕಿ ತೆಗೆದಿಡಿ, ವಾಸನೆ ಕೆಟ್ಟದು. ಬೊಂಬೆ ಎಲ್ಲೆಲ್ಲಿ ಹೆಜ್ಜೆ ಇಡುತ್ತದೆ ಅಂತ ಮೊದಲೇ ಗುರುತು ಹಾಕಿ ಹಲಗೆಗೆ ತೂತು ಕೊರೆಯಿರಿ, ಕೆಳಗಿನಿಂದ ಸ್ಕ್ರೂ ತಿರುಗಿಸಿ. ಒಂದು ಕಾಲು ಬಿಗಿದಿರುವಾಗ ಇನ್ನೊಂದು ಕಾಲು ಆಡಿಸೋದು. ಹಳೇ ತೂತಿಗೆ ನೆಲದ ಬಣ್ಣದ ಜೇಡಿ ಮೆತ್ತಿದರೆ ಮುಗೀತು.

ಮುಖದ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫಿಗ್ಮಾ ಥರದ ಜಪಾನಿ ಫಿಗರ್‌ಗಳ ಜೊತೆ ಬದಲಿ ಮುಖಗಳು ಬರುತ್ತವೆ. ನಿಮ್ಮದಕ್ಕೆ ಇಲ್ಲದಿದ್ದರೆ ಬಾಯಿಯ ಆಕಾರಗಳನ್ನು ಸ್ಟಿಕರಿನಲ್ಲಿ ಪ್ರಿಂಟ್ ಹಾಕಿ ಅಂಟಿಸಿ, ಕಿತ್ತು, ಅಂಟಿಸಿ. ಕನ್ನಡದ ಡೈಲಾಗಿಗೆ ಕಡಿಮೆ ಬಾಯಿಗಳಲ್ಲೇ ಕೆಲಸ ನಡೆಯುತ್ತದೆ: ಮುಚ್ಚಿದ್ದು, ಆ ಅನ್ನುವಷ್ಟು ತೆರೆದದ್ದು, ಇ-ಎಗೆ ಅಗಲವಾದದ್ದು, ಉ-ಒಗೆ ದುಂಡಗಿನದು. ಪ, ಬ, ಮ ಬಂದಾಗ ಬಾಯಿ ಮುಚ್ಚಿರಲೇಬೇಕು, ಅದೊಂದು ತಪ್ಪಿದರೆ ನೋಡೋರಿಗೆ ತಕ್ಷಣ ಗೊತ್ತಾಗುತ್ತದೆ. ಉಳಿದದ್ದು ಹೆಚ್ಚುಕಮ್ಮಿಯಾದರೆ ಯಾರೂ ಕೇಳಲ್ಲ.

ಬಣ್ಣ ಹಾಕಲೇಬೇಕಾ? ಹಾಗಾದರೆ ತೆಳ್ಳಗೆ ಅಕ್ರಿಲಿಕ್, ಮೇಲೊಂದು ಮ್ಯಾಟ್ ವಾರ್ನಿಷ್. ಹೊಳೆಯುವ ಪ್ಲಾಸ್ಟಿಕ್ ಮೇಲೆ ಬೆಳಕಿನ ಚುಕ್ಕೆ ಫ್ರೇಮಿಂದ ಫ್ರೇಮಿಗೆ ಕುಣಿಯುತ್ತದೆ, ಮ್ಯಾಟ್ ಆದರೆ ಆ ತೊಂದರೆ ಕಡಿಮೆ. ಜಾಯಿಂಟಿನ ಒಳಗೆ ಬಣ್ಣ ಬೇಡ, ಉಜ್ಜಿ ಉದುರುತ್ತದೆ. ಬಟ್ಟೆ ತೊಡಿಸುವುದಾದರೆ ಅಂಚಿನೊಳಗೆ ತೆಳು ತಂತಿ ಹೊಲಿದು, ನೀರು ಬೆರೆಸಿದ ಫೆವಿಕಾಲ್ ಸವರಿ ಒಣಗಿಸಿ. ಸುಮ್ನೆ ಹಾಗೇ ಬಿಟ್ಟರೆ ಪ್ರತಿ ಸಲ ಬೆರಳು ತಾಗಿ, ಗಾಳಿಯೇ ಇಲ್ಲದ ಸೆಟ್ಟಿನಲ್ಲಿ ಅಂಗಿ ಪಟಪಟ ಅನ್ನುತ್ತಿರುತ್ತದೆ.

ತಂತಿಯ ಬೊಂಬೆ ಯಾವಾಗ ಬೇಕು ಅಂದರೆ, ಬೆನ್ನು ಬಳುಕಬೇಕಾದಾಗ. ಗಟ್ಟಿ ಪ್ಲಾಸ್ಟಿಕ್ಕಿನ ಎದೆ ಬಳುಕಲ್ಲ. ಆದರೆ ಅಲ್ಯೂಮಿನಿಯಂ ತಂತಿ ಮಡಿಸಿ ಮಡಿಸಿ ಒಂದು ದಿನ ಮುರಿಯುತ್ತದೆ, ಅದೂ ಶಾಟಿನ ಮಧ್ಯದಲ್ಲೇ. ನಿಮ್ಮ ಕಥೆಯಲ್ಲಿ ಇರೋದು ನಡಿಗೆ, ಜಗಳ ಇಷ್ಟೇ ಆದರೆ ಈ ಫಿಗರಿನಲ್ಲೇ ಮುಂದುವರಿಯಿರಿ.