ಬದು ಒತ್ತಿದವನ ಮುಂದೆ ಅಹಿಂಸೆ ನಡೆಯುತ್ತದೆಯೇ?

ದಾಯಾದಿ ಹೊಲದ ಬದು ಒತ್ತುತ್ತಿದ್ದಾನೆ, ಗಾಂಧಿ ಮಾರ್ಗದಲ್ಲಿ ಸುಮ್ಮನಿದ್ದು ಸಾಕಾಯಿತು, ಇನ್ನು ಕೈ ಎತ್ತದೆ ದಾರಿಯಿಲ್ಲವೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನು ನಿಂತದ್ದು ಇದೇ ಜಾಗದಲ್ಲಿ. ನಾನು ಕೈ ಎತ್ತಿದೆ.

ಬ್ಯಾಡಗಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಮೆಣಸಿನಕಾಯಿ ಹೊಲ. ಪಕ್ಕದ್ದು ಚಿಕ್ಕಪ್ಪನ ಮಗನದು. ನನಗಿಂತ ನಾಲ್ಕು ವರ್ಷ ಚಿಕ್ಕವನು, ನನ್ನ ಹೆಗಲ ಮೇಲೆ ಕುಳಿತು ಜಾತ್ರೆ ನೋಡಿದವನು. ಪ್ರತಿ ವರ್ಷ ಹರಗುವಾಗ ಅವನ ಕುಂಟೆ ಬದುವನ್ನು ಒಂದಿಷ್ಟು ತಿನ್ನುತ್ತಿತ್ತು. ಮೂರು ವರ್ಷ ನೋಡಿದೆ, ಒಂದು ಮಾತೂ ಆಡಲಿಲ್ಲ. ನಮ್ಮ ಅಜ್ಜ ಕೊನೆಯವರೆಗೆ ಖಾದಿ ಉಟ್ಟವರು. ಮೋಟೆಬೆನ್ನೂರು ನಮಗೆ ದೂರವಲ್ಲ. 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದ ಮೈಲಾರ ಮಹಾದೇವಪ್ಪನವರ ಊರು ಅದು. ಅಂಥ ನೆಲದವನು ನಾನು, ನನ್ನ ಮೌನವೇ ಅಹಿಂಸೆ ಎಂದು ನಂಬಿಕೊಂಡಿದ್ದೆ.

ನಾಲ್ಕನೆಯ ಮುಂಗಾರಿನಲ್ಲಿ ಹೊಲಕ್ಕೆ ಹೋದಾಗ, ಬದುವಿನ ಮೇಲಿದ್ದ ಬೇವಿನ ಸಸಿ ಅವನ ಹೊಲದೊಳಗೆ ನಿಂತಿತ್ತು. ಅವನು ಎತ್ತು ನಿಲ್ಲಿಸಿ, “ಏನಣ್ಣ, ಬೆಳಿಗ್ಗೆಯೇ ಬಂದೆಯಲ್ಲ” ಎಂದ. ನನ್ನ ಕೈಯಲ್ಲಿ ಬಾರುಕೋಲು ಇತ್ತು. ಅದರ ಹಿಡಿಯಿಂದ ಹೊಡೆದೆ. ತಲೆ ಕಾಯಲು ಅವನು ಅಡ್ಡ ಹಿಡಿದ ಬಲಗೈ ಮುರಿಯಿತು.

ನನ್ನ ತಪ್ಪು ಆ ಹೊಡೆತ ಎಂದು ಊರೆಲ್ಲ ಹೇಳಿತು. ಹೌದು, ಅದು ತಪ್ಪೇ. ಆದರೆ ನನ್ನನ್ನು ಕೆಡಿಸಿದ ತಪ್ಪು ಅದಕ್ಕೂ ಮೂರು ವರ್ಷ ಮೊದಲಿನದು: ನಾನು ಅವನಿಗೆ ಹೇಳಲೇ ಇಲ್ಲ. ಮೊದಲ ವರ್ಷವೇ ಅವನ ಮನೆಗೆ ಹೋಗಿ ಚಾಪೆಯ ಮೇಲೆ ಕುಳಿತು, “ತಮ್ಮಾ, ಬದು ಸರಿಯುತ್ತಿದೆ” ಎನ್ನಬಹುದಿತ್ತು. ಎರಡನೆಯ ವರ್ಷ ಹಿರಿಯರನ್ನು ಕರೆಯಬಹುದಿತ್ತು. ಮೂರನೆಯ ವರ್ಷ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಭೂಮಾಪಕರಿಂದ ಹೊಲದ ಗಡಿ ಅಳೆಸಿ ಗುರುತು ಹಾಕಿಸುವುದಕ್ಕೆ, ಅರ್ಜಿ ಹಾಕಬಹುದಿತ್ತು. “ಒಮ್ಮೆ ಹೋಗಿ ಕೇಳಬಾರದೇ” ಎಂದು ಹೆಂಡತಿ ಎಷ್ಟು ಸಲ ಹೇಳಿದಳೋ! ಜಗಳ ಬೇಡವೆಂದು ನಾನು ಅವಳ ಬಾಯಿ ಮುಚ್ಚಿಸಿದೆ. ಜಗಳ ಬೇಡವೆಂಬುದಲ್ಲ, ಅವನ ಎದುರು ನಿಂತು ಮಾತಾಡುವ ಧೈರ್ಯ ನನಗಿರಲಿಲ್ಲ. ಮೇಲೆ ಸುಮ್ಮನಿದ್ದೆ, ರಾತ್ರಿ ಮಲಗಿದಾಗ ಮನಸ್ಸಿನಲ್ಲೇ ಅವನಿಗೆ ಹೊಡೆಯುತ್ತಿದ್ದೆ. ಆ ಬೆಳಿಗ್ಗೆ ಬಾರುಕೋಲು ಎತ್ತಿದ್ದು ಹೊಸದಾಗಿ ಹುಟ್ಟಿದ ಸಿಟ್ಟಿನಿಂದಲ್ಲ, ಮೂರು ವರ್ಷ ಹುಗಿದಿಟ್ಟಿದ್ದ ಸಿಟ್ಟಿನಿಂದ.

ಗಾಂಧೀಜಿ ಸುಮ್ಮನಿದ್ದವರಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ದಂಡಿಗೆ ಹೊರಡುವ ಹತ್ತು ದಿನ ಮೊದಲೇ, 1930ರ ಮಾರ್ಚ್ 2ರಂದು, ವೈಸ್‌ರಾಯ್ ಇರ್ವಿನ್‌ಗೆ ಪತ್ರ ಬರೆದು, ಬೇಡಿಕೆ ಏನು, ಈಡೇರದಿದ್ದರೆ ಯಾವ ಕಾನೂನು ಮುರಿಯುತ್ತೇನೆ ಎಂದು ತಿಳಿಸಿದ್ದರು. ಆ ಪತ್ರದಲ್ಲಿ ವೈಸ್‌ರಾಯ್‌ನನ್ನು ಅವರು ಕರೆದದ್ದು ಮಿತ್ರ ಎಂದು. ಹೇಡಿತನ, ಹಿಂಸೆ ಎರಡೇ ಉಳಿದರೆ ಹಿಂಸೆಯೇ ವಾಸಿ ಎಂದು 1920ರಲ್ಲಿ ಬರೆದವರೂ ಅವರೇ. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಹಿಂಸೆಯನ್ನು ಮಾಡಿ ಸೋತೆ ಎನ್ನುತ್ತೀರಿ. ನೀವು ಬರೆದದ್ದನ್ನು ಎರಡು ಸಲ ಓದಿದೆ, ಅವನೊಂದಿಗೆ ನೀವು ಒಮ್ಮೆಯೂ ಮಾತಾಡಿದಂತಿಲ್ಲ. ನೀವು ಅಹಿಂಸೆಯನ್ನು ಇನ್ನೂ ಶುರುವೇ ಮಾಡಿಲ್ಲ.

ಪೊಲೀಸ್ ಕೇಸು, ನಾಲ್ಕು ವರ್ಷದ ಅಲೆದಾಟ, ಕೊನೆಗೆ ರಾಜಿ. ನಡುವೆ ಚಿಕ್ಕವ್ವ ತೀರಿಕೊಂಡಳು. ನನಗೆ ಎಣ್ಣೆ ಹಚ್ಚಿ ಎರೆದವಳು. ಹೆಗಲು ಕೊಡಲು ಹೋದೆ, ಬಾಗಿಲಲ್ಲೇ ತಡೆದು ಕಳಿಸಿದರು.

ರಾಜಿಯಾದ ಮೇಲೆ ಭೂಮಾಪಕರು ಬಂದು ಅಳೆದರು. ದಕ್ಷಿಣದ ತುದಿಯಲ್ಲಿ ಅವನು ನಮ್ಮೊಳಗೆ ಬಂದದ್ದು ನಿಜ. ಆದರೆ ಉತ್ತರದ ತುದಿಯಲ್ಲಿ ನಮ್ಮ ಅಪ್ಪನ ಕಾಲದಿಂದ ನಾವೇ ಅವರೊಳಗೆ ಇದ್ದೆವು! ಅದು ಅವನಿಗೆ ಗೊತ್ತಿತ್ತು. ಅವನೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ. ಪೂರ್ಣ ಸತ್ಯ ಮನುಷ್ಯನಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಶಿಕ್ಷಿಸುವ ಯೋಗ್ಯತೆ ಅವನಿಗಿಲ್ಲ ಎಂಬ ಅರ್ಥದ ಮಾತನ್ನು ಗಾಂಧೀಜಿ ಹಂಟರ್ ಸಮಿತಿಯ ಮುಂದೆ, ಅಂದರೆ ಜಲಿಯನ್‌ವಾಲಾಬಾಗ್ ಹತ್ಯಾಕಾಂಡದ ವಿಚಾರಣೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಸಮಿತಿಯ ಮುಂದೆ, ಹೇಳಿದ್ದರು. ಗಡಿಗೆ ಬಾಂದುಕಲ್ಲು ನೆಡುವುದನ್ನು ನೋಡುತ್ತ ನಿಂತಾಗ ನನಗೆ ಅದರ ಅರ್ಥವಾಯಿತು. ನಾನು ಕೈ ಮುರಿದದ್ದು ಅರ್ಧ ಸತ್ಯಕ್ಕಾಗಿ.

ನಾಳೆಯೇ ನಿಮ್ಮ ದಾಯಾದಿಯ ಮನೆಗೆ ಹೋಗಿ. ಕೋಲು ಬೇಡ, ಜೊತೆಗೆ ಜನ ಬೇಡ. ಇಂಥ ದಿನ ಹದ್ದುಬಸ್ತಿಗೆ ಅರ್ಜಿ ಹಾಕುತ್ತೇನೆ, ಅಳೆಯುವ ದಿನ ನೀನೂ ನಿಲ್ಲು, ಬಂದ ಗಡಿ ಇಬ್ಬರಿಗೂ ಒಪ್ಪಿಗೆ ಎಂದು ಮುಖ ನೋಡಿ ಹೇಳಿ. ಬೈದರೆ ಬೈಸಿಕೊಳ್ಳಿ, ಅರ್ಜಿಯನ್ನು ಮಾತ್ರ ನಿಲ್ಲಿಸಬೇಡಿ. ಒಂದು ಗುಂಟೆಯನ್ನೂ ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ.

ಕಳೆದ ದಸರೆಗೆ, ನಾನು ಕೈ ಮುರಿದ ಆ ತಮ್ಮನ ಮಗ ನಮ್ಮ ಮನೆಗೆ ಬನ್ನಿ ಕೊಡಲು ಬಂದಿದ್ದ. ತಮ್ಮ ಇನ್ನೂ ಬಂದಿಲ್ಲ. ಈ ಸಲ ನಾನೇ ಹೋಗಬೇಕೆಂದಿದ್ದೇನೆ.