ಮಂಗಳೂರು ಇರುವಾಗ ಸರಕು ಚೆನ್ನೈಗೆ ಯಾಕೆ ಹೋಗುತ್ತದೆ?

ಬೆಂಗಳೂರಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡಿಕೊಂಡು ಇಪ್ಪತ್ತೆರಡು ವರ್ಷ ಆಯಿತು. ಕೆಳಗಿನ ಮೊದಲ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ, ಆಮೇಲೆ ಕೇಳಬೇಡಿ.

ಪ್ರಶ್ನೆ: ಪೀಣ್ಯದಿಂದ ಎರಡು ಊರಿಗೂ ದೂರ ಹೆಚ್ಚುಕಮ್ಮಿ ಒಂದೇ. ಆದರೂ ಏಜೆಂಟರು ನಮ್ಮ ಕಂಟೇನರ್‌ಗಳನ್ನು ಚೆನ್ನೈಗೇ ಕಳಿಸುತ್ತಾರೆ. ಇದು ನಮ್ಮ ಬಂದರಿಗೆ ಅನ್ಯಾಯ ಅಲ್ವಾ? ಹೂಳೆತ್ತಿ ಆಳ ಮಾಡಿದರೆ ಸರಿಹೋಗುವುದಿಲ್ವಾ?

ಹಿತ್ತಲ ಗಿಡ ಮದ್ದಲ್ಲ ಎನ್ನುವ ಜಾತಿಯವನು ನಾನಲ್ಲ. ಪಣಂಬೂರಿನ ಬಂದರು, ಅಂದರೆ ಮಂಗಳೂರು ಬಂದರು, ಸೊರಗಿ ಕೂತಿದೆ ಅಂತ ಯಾರು ಹೇಳಿದರು? 2023-24ರಲ್ಲಿ ಅಲ್ಲಿ ನಾಲ್ಕೂವರೆ ಕೋಟಿ ಟನ್ ಸರಕು ದಾಟಿದೆ. ಆದರೆ ಅದರಲ್ಲಿ ಜಾಸ್ತಿ ಕಚ್ಚಾ ತೈಲ, ಎಲ್‌ಪಿಜಿ, ಕಲ್ಲಿದ್ದಲು. ಕಂಟೇನರ್ ಲೆಕ್ಕ ಬೇರೆ. ಮಂಗಳೂರಲ್ಲಿ ಅದು ವರ್ಷಕ್ಕೆ ಲಕ್ಷ, ಎರಡು ಲಕ್ಷದ ಮಾತು. ಚೆನ್ನೈಯಲ್ಲಿ ಹದಿನೈದು ಲಕ್ಷದ ಆಸುಪಾಸು.

ಆಳದ ವಿಷಯ ಬಿಡಿ. ಪಣಂಬೂರು ನೆಲ ಅಗೆದು ಮಾಡಿದ ಬಂದರು. ಪ್ರತಿ ಮಳೆಗಾಲವೂ ಹೂಳು ತುಂಬುತ್ತದೆ, ಪ್ರತಿ ವರ್ಷವೂ ತೆಗೆಯುತ್ತಾರೆ. ಅಲ್ಲಿಗೆ ಬರುವುದು ಹೆಚ್ಚಾಗಿ ಫೀಡರ್, ಅಂದರೆ ಕೊಲಂಬೊದಂಥ ಕಡೆ ದೊಡ್ಡ ಹಡಗಿಗೆ ಸರಕು ಮುಟ್ಟಿಸುವ ಸಣ್ಣ ಹಡಗು. ಅದಕ್ಕೆ ಈಗಿರುವ ಆಳವೇ ಸಾಕು.

ನಿಮ್ಮ ಏಜೆಂಟ್ ನೋಡುವುದು ವಾರಕ್ಕೆ ಎಷ್ಟು ಹಡಗು ಎಂದು. ಚೆನ್ನೈಯಲ್ಲಿ ಮಂಗಳವಾರದ ಹಡಗು ತಪ್ಪಿದರೆ ಎರಡು ಮೂರು ದಿನದಲ್ಲಿ ಇನ್ನೊಂದು ಸಿಗುತ್ತದೆ. ಮಂಗಳೂರಲ್ಲಿ ತಪ್ಪಿದರೆ ಮುಂದಿನ ವಾರದವರೆಗೆ ಕಾಯಬೇಕಾಗಬಹುದು. ಅಷ್ಟರಲ್ಲಿ ಜರ್ಮನಿಯ ಗಿರಾಕಿ ನಾಲ್ಕು ಮೇಲ್ ಹಾಕಿರುತ್ತಾನೆ. ಸರಕು ಕಮ್ಮಿ ಎಂದು ಹಡಗು ಬರುವುದಿಲ್ಲ, ಹಡಗು ಕಮ್ಮಿ ಎಂದು ಸರಕು ಹೋಗುವುದಿಲ್ಲ. ಹೂಳೆತ್ತುವ ಡ್ರೆಜರ್ ತಂದರೆ ಈ ಗಂಟು ಬಿಚ್ಚುತ್ತದಾ?

ಇನ್ನೊಂದು, ಖಾಲಿ ಡಬ್ಬಿ, ಅಂದರೆ ಖಾಲಿ ಕಂಟೇನರ್. ಇದನ್ನು ಯಾರೂ ಕೇಳುವುದೇ ಇಲ್ಲ. ಬೆಂಗಳೂರಿಗೆ ಬರುವ ಆಮದು ಸರಕು ಚೆನ್ನೈಯಿಂದ ರೈಲಿನಲ್ಲಿ ವೈಟ್‌ಫೀಲ್ಡ್ ಐಸಿಡಿಗೆ, ಅಂದರೆ ಕಸ್ಟಮ್ಸ್ ಇರುವ ಒಳನಾಡಿನ ಕಂಟೇನರ್ ಡಿಪೋಗೆ, ಬಂದಿಳಿಯುತ್ತದೆ. ಬಿಚ್ಚಿದ ಮೇಲೆ ಡಬ್ಬಿ ಇಲ್ಲೇ ಉಳಿಯುತ್ತದೆ. ಶಿಪ್ಪಿಂಗ್ ಲೈನ್‌ನವರಿಗೆ ಅದು ವಾಪಸ್ ಹೋದರೆ ಸಾಕು. ಅದಕ್ಕೇ ಆ ದಾರಿಯ ರೇಟು ಇಳಿಯುತ್ತದೆ. ಮಂಗಳೂರಿಗೆ ಹೋಗಬೇಕಾದರೆ ಅಲ್ಲಿಗೆ ಹಡಗು ಕಳಿಸುವ ಲೈನಿನ ಡಬ್ಬಿ ಹುಡುಕಬೇಕು.

ಆಮೇಲೆ ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ರೈಲು ದಾರಿ. ಐವತ್ತು ಮೀಟರಿಗೆ ಒಂದು ಮೀಟರ್ ಏರು. ಗೂಡ್ಸ್ ರೈಲು ಹತ್ತಬೇಕಾದರೆ ಹಿಂದಿನಿಂದ ಬೇರೆ ಎಂಜಿನ್ ತಳ್ಳಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ರಸ್ತೆ, ರೈಲು ಎರಡೂ ಬಂದ್ ಆದವು. ನನ್ನ ಗಿರಾಕಿಯೊಬ್ಬರ ಕಂಟೇನರ್ ಸಕಲೇಶಪುರದ ಹೊರಗೆ ಲಾರಿಯ ಮೇಲೇ ನಿಂತಿತ್ತು. ಡ್ರೈವರ್ ಗಾಲಿಗೆ ಕಲ್ಲು ಕೊಟ್ಟು, ಟಾರ್ಪಾಲಿನ ಕೆಳಗೆ ಅನ್ನ ಬೇಯಿಸಿಕೊಂಡಿದ್ದ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಜೆಂಟ್ ಸರಕನ್ನು ಆ ದಾರಿಗೆ ಹಾಕುವುದಿಲ್ಲ. ಅತಿ ಹೆದರಿಕೆ ಎನ್ನಿ, ಪರವಾಗಿಲ್ಲ.

ಹಾಸನ, ಚಿಕ್ಕಮಗಳೂರು, ಕೊಡಗಿನ ಕಾಫಿಗೆ ಮಾತ್ರ ಮಂಗಳೂರೇ ಸರಿ. ಬೆಂಗಳೂರು ಸುತ್ತಿ ಚೆನ್ನೈಗೆ ಕಳಿಸುವವನಿಗೆ ನಕ್ಷೆ ಓದಲು ಬರುವುದಿಲ್ಲ.

ಪ್ರಶ್ನೆ: ಕೇರಳದ ವಿಳಿಂಜಂ ಬಂತಲ್ಲ, ಮಂಗಳೂರು ಮುಚ್ಚುತ್ತದಾ?

ಇಲ್ಲ. ಹದಿನೆಂಟು ಮೀಟರಿಗೂ ಜಾಸ್ತಿ ಸಹಜ ಆಳ ಇದ್ದು ದೊಡ್ಡ ಹಡಗೇ ಬರುವ ಬಂದರು ಅದು. ಅದರ ಪೈಪೋಟಿ ಕೊಲಂಬೊ ಜೊತೆ.

ಪ್ರಶ್ನೆ: ಕಾರವಾರ ಬಂದರು ಯಾಕೆ ದೊಡ್ಡದಾಗುತ್ತಿಲ್ಲ?

ಬಂದರು ವಿಸ್ತರಣೆ ಬೇಡ ಎಂದು 2020ರಲ್ಲಿ ಬೀದಿಗಿಳಿದ ಅಲ್ಲಿನ ಮೀನುಗಾರರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ಒಬ್ಬರು ಇಂಥ ಬಂದರಿಗೆ ತಂದರೆ ಕಸ್ಟಮ್ಸ್ ಸುಂಕ ಕಮ್ಮಿ ಮಾಡಿಸುತ್ತೇನೆ ಎನ್ನುತ್ತಾರೆ. ನಂಬಬಹುದಾ?

ಸುಂಕದ ದರ ದೇಶಕ್ಕೆಲ್ಲ ಒಂದೇ. ಬಂದರಿನಿಂದ ಬಂದರಿಗೆ ಬದಲಾಗುವುದು ಹ್ಯಾಂಡ್ಲಿಂಗ್, ಸಾಗಣೆ ಖರ್ಚು. ಸುಂಕ ಕಮ್ಮಿ ಮಾಡಿಸುವವನು ಬಿಲ್‌ನಲ್ಲಿ ಬೆಲೆಯನ್ನೋ ಸರಕಿನ ಹೆಸರನ್ನೋ ತಿದ್ದುತ್ತಿದ್ದಾನೆ. ಸಿಕ್ಕಿಬಿದ್ದ ದಿನ ಅವನ ಫೋನ್ ಸ್ವಿಚ್ ಆಫ್. ನೋಟಿಸ್ ಬರುವುದು ನಿಮ್ಮ ಐಇಸಿಗೆ, ಅಂದರೆ ಆಮದು-ರಫ್ತಿಗೆ ಸರ್ಕಾರ ನಿಮಗೆ ಕೊಟ್ಟ ನಂಬರಿಗೆ.