ನಮ್ಮಜ್ಜನಿಗೆ ಸಿಕ್ಕ ಗದ್ದೆ, ನಿಮ್ಮಜ್ಜಿ ಕಳೆದುಕೊಂಡ ಗದ್ದೆ

(ಬಂಟ್ವಾಳ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಹೋದ ತಿಂಗಳು ಮಾಜಿ ಮುಖ್ಯಮಂತ್ರಿ ದೇವರಾಜ ಅರಸು ಬಗ್ಗೆ ನೀವು ಹಾಕಿದ ಲೇಖನದಲ್ಲಿ ಬರೀ ಹೊಗಳಿಕೆ. ತುರ್ತು ಪರಿಸ್ಥಿತಿ ಎಲ್ಲಿ? ಗ್ರೋವರ್ ಆಯೋಗ ಎಲ್ಲಿ? ನಮ್ಮಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಎರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಮಕ್ಕಳನ್ನು ಸಾಕಿದರು. ಅರಸು ಕಾನೂನಿನಲ್ಲಿ ಆ ಗದ್ದೆಯೂ ಹೋಯಿತು. ಅಜ್ಜಿಯೇನು ಜಮೀನ್ದಾರಳಾ?")

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ಲೇಖನದಲ್ಲಿ ವಿಧವೆಯರ ಮಾತು ಇರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದ ನಟಿ ಸ್ನೇಹಲತಾ ರೆಡ್ಡಿ ಅವರ ಹೆಸರೂ ಇರಲಿಲ್ಲ. ಎರಡೂ ತಪ್ಪು. ಅಚ್ಚಿಗೆ ಹೋಗುವ ಮುಂಚೆ ನಾನೇ ಓದಿ ಒಪ್ಪಿದ್ದೆ, ಬಿಟ್ಟುಹೋದದ್ದು ಕಣ್ಣಿಗೆ ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂದು ಈಗ ಯೋಚಿಸಿದರೆ ಕಾರಣ ಗೊತ್ತಾಗುತ್ತದೆ. ನಾನು ಒಕ್ಕಲು ಮನೆಯ, ಅಂದರೆ ಗೇಣಿಗೆ ಉಳುವವರ ಮನೆಯ ಮೊಮ್ಮಗ.

ನಮ್ಮೂರು ಕಾರ್ಕಳದ ಕಡೆ. ಅಜ್ಜನದು ಚಾಲಗೇಣಿ. ಮೂಲಗೇಣಿಯವರಿಗೆ ನೆಲದ ಮೇಲೆ ಹಕ್ಕಿತ್ತು. ಚಾಲಗೇಣಿಯವರನ್ನು ಧಣಿ ಬೇಡ ಅಂದ ವರ್ಷ ಎಬ್ಬಿಸಬಹುದಿತ್ತು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಮುಡಿ ಕಟ್ಟುತ್ತಿದ್ದರು. ಗುಂಡಗೆ, ಕಲ್ಲಿನ ಹಾಗೆ ಗಟ್ಟಿ. ಚೆನ್ನಾಗಿ ಕಟ್ಟಿದ ಮುಡಿಗಳು ಗೇಣಿಯಾಗಿ ಮೊದಲು ಧಣಿಗಳ ಮನೆಗೆ. ಅಪ್ಪ ಹುಡುಗನಾಗಿದ್ದಾಗ ಅಜ್ಜನ ಹಿಂದೆ ಹೋಗುತ್ತಿದ್ದರಂತೆ. ಅಜ್ಜ ಮುಡಿ ಹೊತ್ತು ಹೋಗಿ, ಅಂಗಳದಲ್ಲಿ ಇಳಿಸಿ, ತಲೆಗೆ ಸುತ್ತಿದ ಬೈರಾಸನ್ನು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದರು. ಜಗಲಿ ಹತ್ತುವ ಹಾಗಿರಲಿಲ್ಲ. ಮನೆಯಲ್ಲಿ ಉಳಿದ ಅಕ್ಕಿ ಮಳೆಗಾಲದ ಆಟಿ ತಿಂಗಳವರೆಗೂ ಬರುತ್ತಿರಲಿಲ್ಲ.

1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣೆ ಕಾನೂನು ಜಾರಿಗೆ ಬಂತು. ಗೇಣಿಗಿದ್ದ ನೆಲವೆಲ್ಲ ಸರ್ಕಾರಕ್ಕೆ ಸೇರಿತು. ಅದು ತನ್ನ ಹೆಸರಿಗೆ ಬರಬೇಕಾದರೆ ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಕೊಡಬೇಕಿತ್ತು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್ ಕೊಡುವುದು' ಅನ್ನುತ್ತಿದ್ದರು, ನಿಮಗೂ ಗೊತ್ತಿರುತ್ತದೆ. ಅಜ್ಜ ಎರಡು ವರ್ಷ ಹೆದರಿ ಸುಮ್ನೆ ಕೂತಿದ್ದರು. ಆಮೇಲೆ ಕೊಟ್ಟರು. ರಾಜ್ಯದಲ್ಲಿ ಹೀಗೆ ಎಂಟು ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು. ವಿಚಾರಣೆ ನಡೆಸಿದ್ದು ಭೂನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು. ಮೊದಲಿಗೆ ಒಳಗೆ ವಕೀಲರಿಗೆ ಜಾಗವೇ ಇರಲಿಲ್ಲ. ಅಜ್ಜನಿಗೆ ಕೇಳಿದ್ದು ಒಂದೇ ಪ್ರಶ್ನೆ: ಈ ಗದ್ದೆ ಉಳುವವರು ಯಾರು? ಪಕ್ಕದ ಗದ್ದೆಯವರು ಬಂದು ಸಾಕ್ಷಿ ಹೇಳಿದರು. ಆ ಆದೇಶದ ಕಾಗದ ಇವತ್ತಿಗೂ ನಮ್ಮ ಮನೆಯ ಟ್ರಂಕಿನಲ್ಲಿದೆ.

ಅದೇ ಮಂಡಳಿ, ಅದೇ ಪ್ರಶ್ನೆ. ನಿಮ್ಮಜ್ಜಿಗೆ ಅದಕ್ಕೆ ಉತ್ತರ ಎಲ್ಲಿಂದ ಬರಬೇಕು? ನೇಗಿಲು ಹಿಡಿದವರು ಅವರಲ್ಲವಲ್ಲ. ಸೈನಿಕರಿಗೆ, ನಾವಿಕರಿಗೆ ಕಾನೂನು ವಿನಾಯಿತಿ ಕೊಟ್ಟಿತ್ತು. ಎರಡು ಎಕರೆಯ ವಿಧವೆಗೆ ಕೊಡಲಿಲ್ಲ. ಕೊಡಬಹುದಿತ್ತು, ಕೊಡಬೇಕಿತ್ತು. ಪರಿಹಾರದ ಹಣ ನೆಲದ ಬೆಲೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿದ ದಲಿತರಿಗೆ ಈ ಕಾನೂನಿನಿಂದ ಸಿಕ್ಕಿದ್ದು ತೀರಾ ಕಡಿಮೆ.

ಇಷ್ಟಾದರೂ ಅರಸು ದೊಡ್ಡವರು ಎಂದೇ ನಾನು ಹೇಳುತ್ತೇನೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, 1915ರಲ್ಲಿ ಹುಟ್ಟಿದವರು. ಅವರ ಜಾತಿಯ ಓಟಿನಿಂದ ಒಂದು ಜಿಲ್ಲೆಯನ್ನೂ ಗೆಲ್ಲಲು ಆಗುತ್ತಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪ, ವೀರೇಂದ್ರ ಪಾಟೀಲರಂಥ ಘಟಾನುಘಟಿಗಳು ಒಂದು ಕಡೆ. ಅರಸು ಇಂದಿರಾ ಗಾಂಧಿ ಕಡೆ ನಿಂತರು. 1972ರ ವಿಧಾನಸಭೆ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 216ಕ್ಕೆ 165 ಸ್ಥಾನ. ವಿಧಾನಸೌಧದ ಮೆಟ್ಟಿಲು ಹತ್ತುತ್ತೇವೆ ಎಂದು ಕನಸೂ ಕಾಣದ ಜಾತಿಗಳ ಹುಡುಗರನ್ನು ಹುಡುಕಿ ಟಿಕೆಟ್ ಕೊಟ್ಟರು. ಹಾವನೂರ್ ಆಯೋಗ ಮಾಡಿ, ಹಿಂದುಳಿದವರಿಗೆ ಮೀಸಲಾತಿ ತಂದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೂ ಅವರ ಕಾಲದಲ್ಲೇ.

ಈಗ ನಿಮ್ಮ ಇನ್ನೆರಡು ಪ್ರಶ್ನೆ. ಸ್ನೇಹಲತಾ ರೆಡ್ಡಿ ನಟಿ, ಸಮಾಜವಾದಿ, ಆಸ್ತಮಾ ರೋಗಿ. 1976ರಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಬಿಡುವ ಮೀಸಾ ಕಾನೂನಿನ ಅಡಿ ಅವರನ್ನು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಅದೆಲ್ಲ ದೆಹಲಿಯ ಆಟ, ಅರಸು ಏನು ಮಾಡಲು ಆಗುತ್ತಿತ್ತು ಎಂದು ಕೇಳುವವರಿದ್ದಾರೆ. ಜೈಲು ರಾಜ್ಯ ಸರ್ಕಾರದ್ದು. ಉಸಿರಾಡಲು ಕಷ್ಟಪಡುವ ಹೆಂಗಸಿಗೆ ಸರಿಯಾದ ಚಿಕಿತ್ಸೆ ಕೊಡಿಸಲು ದೆಹಲಿಯ ಅಪ್ಪಣೆ ಬೇಕಿರಲಿಲ್ಲ.

ಗ್ರೋವರ್ ಆಯೋಗದ ಕಥೆ ಹೀಗೆ. ಅರಸು ಮೇಲಿನ ಭ್ರಷ್ಟಾಚಾರದ ಆರೋಪಗಳ ತನಿಖೆಗೆ 1977ರ ಮೇ 23ರಂದು ಕೇಂದ್ರದ ಜನತಾ ಸರ್ಕಾರ ಅದನ್ನು ನೇಮಿಸಿತು. ಅದಕ್ಕೆ ಐದು ದಿನ ಮುಂಚೆ ಅರಸು ಸರ್ಕಾರ ತನ್ನದೇ ಒಂದು ಆಯೋಗ ಮಾಡಿಕೊಂಡಿತ್ತು! ಆಮೇಲೆ ಸುಪ್ರೀಂ ಕೋರ್ಟಿಗೂ ಹೋಗಿ ಸೋತಿತು. ಕೆಲವು ಆರೋಪಗಳು ಸಾಬೀತಾಗಿವೆ ಎಂದು ಗ್ರೋವರ್ ಹೇಳಿದರು. ಜನತಾದವರಿಗೆ ರಾಜಕೀಯ ಉದ್ದೇಶ ಇತ್ತು, ನಿಜ. ಆದರೆ ಆಯೋಗ ಕಂಡದ್ದು ಅದರಿಂದ ಸುಳ್ಳಾಗುವುದಿಲ್ಲ, ಅಲ್ವಾ?

ಕೆಲವರು ನನಗೆ ಹೇಳುತ್ತಾರೆ: ಅಷ್ಟು ನೆಲ ಹಂಚಿದವರು, ಇದನ್ನೆಲ್ಲ ಮಾಫಿ ಮಾಡಿಬಿಡಿ ಎಂದು. ನನ್ನಿಂದ ಆಗುವುದಿಲ್ಲ. ನಮ್ಮಜ್ಜನ ಗದ್ದೆಯ ಲೆಕ್ಕದಲ್ಲಿ ಸ್ನೇಹಲತಾ ಅವರ ಉಸಿರನ್ನು ವಜಾ ಮಾಡಲು ನಾನ್ಯಾರು? ಹಾಗೆಯೇ ಆ ಜೈಲನ್ನು ತೋರಿಸಿ ಅಜ್ಜನ ಕಾಗದವನ್ನು ಸಣ್ಣದು ಮಾಡಲೂ ಬಿಡುವುದಿಲ್ಲ. ಮಂಡಳಿಯಲ್ಲಿ ಧಣಿಗಳ ಮಾತಿಗೆ ಬಗ್ಗದವರನ್ನು ಕೂರಿಸಲು ಗಟ್ಟಿ ಕೈ ಬೇಕಿತ್ತು. ಆ ಗಟ್ಟಿ ಕೈಯನ್ನು ತಡೆಯುವವರು ಇರಲಿಲ್ಲ ಅನ್ನುವುದೇ ನನ್ನ ಸಂಕಟ.

ಕೊನೆಗೆ ಜನವೂ ಅವರ ಕೈ ಬಿಟ್ಟರು. 1978ರಲ್ಲಿ ಇಂದಿರಾ ಅವರನ್ನು ಚಿಕ್ಕಮಗಳೂರಿಗೆ ಕರೆತಂದು ಗೆಲ್ಲಿಸಿದ್ದ ಅರಸು ಮರುವರ್ಷವೇ ಅವರಿಂದ ದೂರವಾದರು. 1980ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28ಕ್ಕೆ 27 ಸ್ಥಾನ ಇಂದಿರಾ ಪಕ್ಷಕ್ಕೆ. ನಮ್ಮಜ್ಜನೂ 'ಅಮ್ಮ'ನಿಗೇ ಓಟು ಹಾಕಿದ್ದರು, ಅಪ್ಪ ಹೇಳಿದ್ದು. ಅರಸು ರಾಜೀನಾಮೆ ಕೊಟ್ಟರು. 1982ರ ಜೂನ್ 6ರಂದು ತೀರಿಹೋದರು.

ನಿಮ್ಮಜ್ಜಿಯ ಕಥೆ ನಮ್ಮ ಪತ್ರಿಕೆಯಲ್ಲಿ ಬರಬೇಕು. ನೀವೇ ಬರೆಯಿರಿ. ಮಂಡಳಿಯ ನೋಟಿಸು, ಹಳೆಯ ಗೇಣಿ ಚೀಟಿ ಏನಾದರೂ ಮನೆಯಲ್ಲಿದ್ದರೆ ಅದರ ಪ್ರತಿಯನ್ನೂ ಕಳಿಸಿ. ನಮ್ಮಜ್ಜನ ಕಾಗದದ ಚಿತ್ರವನ್ನು ಅದರ ಪಕ್ಕದಲ್ಲೇ ಹಾಕುತ್ತೇನೆ.

— ಸಂಪಾದಕ